ಟವಲಿನ ಕೆಳಗಿನ ಮೂರು ಬೆರಳು

ಶ್ರೀನಿವಾಸಪುರದ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ನಾನು ಕಾರ್ಯದರ್ಶಿಯಾದದ್ದು ಆಟ ಬರುತ್ತಿದ್ದುದರಿಂದಲ್ಲ, ಡೈರಿ ಬರೆಯುತ್ತಿದ್ದುದರಿಂದ. ಯಾರ ಮೇಲೆ ಪಂದ್ಯ, ಯಾರು ಹೊಡೆದ ಗೋಲು, ಚೆಂಡಿನ ಬ್ಲ್ಯಾಡರಿಗೆ ಇದು ಎಷ್ಟನೆಯ ತೇಪೆ, ಎಲ್ಲವೂ ಅದರಲ್ಲಿತ್ತು. ಇದು ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಆಗ ನನಗೆ ಹತ್ತೊಂಬತ್ತು ವರ್ಷ.

ನಮ್ಮ ಕ್ಲಬ್ಬನ್ನು ಸಾಕುತ್ತಿದ್ದವರು ಊರಿನ ಮಾವಿನ ಮಂಡಿಯ ಸಾಹುಕಾರರು. ನಮ್ಮ ಎದುರಾಳಿ ಕೋಲಾರದ ಕ್ಲಬ್ಬು. ಅದನ್ನು ಸಾಕುತ್ತಿದ್ದವರು ಬಸ್ಸಿನ ಮಾಲೀಕರು. ಇಬ್ಬರ ದುಡ್ಡಿನ ಗುಣವೇ ಬೇರೆ. ಬಸ್ಸಿನ ದುಡ್ಡು ದಿನಾ ಸಂಜೆ ಬರುವಂಥದ್ದು, ಅವರ ಹುಡುಗರಿಗೆ ವರ್ಷವಿಡೀ ಅಷ್ಟಿಷ್ಟು ಸಿಗುತ್ತಿತ್ತು. ಮಾವಿನ ದುಡ್ಡು ಎರಡು ಮೂರು ತಿಂಗಳಲ್ಲಿ ಬಂದು ಮುಗಿಯುತ್ತದೆ, ನಮಗೆ ಸಿಗುವುದೇನಿದ್ದರೂ ಆಗಲೇ, ಒಂದೇ ಸಲ. ಕೋಲಾರಕ್ಕೆ ಆಡಲು ಹೋಗಬೇಕಾದರೂ ನಮಗೆ ಅವರ ಬಸ್ಸೇ ಗತಿ. ಹೀಗೆ ನಮ್ಮ ಸಾಹುಕಾರರ ಹಣದಲ್ಲೊಂದು ಪಾಲು ಟಿಕೆಟ್ಟಾಗಿ ಎದುರಾಳಿಯ ಜೇಬಿಗೇ ಹೋಗುತ್ತಿತ್ತು.

ಆ ವರ್ಷದ ಸುಗ್ಗಿಯಲ್ಲಿ ಕ್ಲಬ್ಬಿನ ಹಣ ಕೇಳಲು ನಾನು ಮಂಡಿಗೆ ಹೋದೆ. ಸಾಹುಕಾರರು ಹೆಗಲ ಮೇಲಿನ ಟವಲನ್ನು ನನ್ನ ಕೈಮೇಲೆ ಹಾಕಿದರು. ಮಂಡಿಯಲ್ಲಿ ವ್ಯಾಪಾರವೆಲ್ಲ ಹಾಗೇ. ಬಟ್ಟೆಯ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ, ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ದಾನವನ್ನೂ ಅವರು ಹಾಗೇ ಮಾಡುತ್ತಿದ್ದರು. ನನ್ನ ಮೂರು ಬೆರಳು ಹಿಡಿದು ಒತ್ತಿದರು.

"ಸರೀನಾ?"

"ಸರಿ ಸಾಹುಕಾರ್ರೇ."

"ಗುಮಾಸ್ತನ ಹತ್ರ ಈಸ್ಕೊ."

ಗುಮಾಸ್ತರಿಗೆ ಮೂವತ್ತು ರೂಪಾಯಿ ಎಂದೆ. ಎಣಿಸಿ ಕೊಟ್ಟರು. ಸಹಿ ಹಾಕಿ, ಡೈರಿಯಲ್ಲೂ ಬರೆದೆ. ಒಂದು ಹೊಸ ಚೆಂಡು, ಬಸ್ಸಿನ ಖರ್ಚು, ಅಲ್ಲಿಗೆ ಅದು ಮುಗಿಯಿತು. ಎಂದಿನಂತೆ ಬರಿಗಾಲಲ್ಲೇ ಅಭ್ಯಾಸ ಮಾಡಿದೆವು. ಅಷ್ಟರಲ್ಲಿ ಒಂದು ಸುದ್ದಿ ಬಂತು: ಬಸ್ಸಿನ ಮಾಲೀಕರು ತಮ್ಮ ಕ್ಲಬ್ಬಿಗೆ ಇದ್ದಕ್ಕಿದ್ದಂತೆ ನಾನೂರು ಕೊಟ್ಟಿದ್ದಾರೆ, ಹನ್ನೊಂದು ಜನಕ್ಕೂ ಹೊಸ ಬೂಟು. ಡೈರಿಯಲ್ಲಿ "ಕಾರಣ ತಿಳಿಯದು" ಎಂದು ಬರೆದಿಟ್ಟೆ.

ಕಾರಣ ತಿಳಿದದ್ದು ಪಂದ್ಯದ ದಿನ, ಕೋಲಾರದ ಮೈದಾನದಲ್ಲಿ. ಸುಗ್ಗಿ ಮುಗಿಸಿ, ಗುಮಾಸ್ತರ ಜೊತೆ ಆಟ ನೋಡಲು ಬಂದಿದ್ದ ಸಾಹುಕಾರರು ಎದುರಾಳಿಗಳ ಬೂಟು ನೋಡಿದರು, ನಮ್ಮವರ ಕಾಲು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಏನಯ್ಯಾ ಸೆಕ್ರೆಟ್ರಿ, ನಮ್ ಹುಡುಗ್ರು ಯಾಕೆ ಬರಿಗಾಲಲ್ಲವ್ರೆ? ನನ್ ಮುನ್ನೂರು ಏನ್ಮಾಡ್ದೆ?"

"ಮೂವತ್ತು, ಸಾಹುಕಾರ್ರೇ."

"ಮೂವತ್ತಾ! ಇದೇ ಕೋಲಾರದಲ್ಲಿ ಒಂದು ಮದುವೇಲಿ ಆ ಬಸ್ಸಿನೋರ ಮುಂದೇನೇ ಮುನ್ನೂರು ಅಂತ ಹೇಳ್ಬಂದಿದೀನಿ. ಅದಕ್ಕೇ ಕಣಯ್ಯಾ ಅವ್ರು ನಾನೂರು ಬಿಚ್ಚಿರೋದು!"

ನಮ್ಮ ಆಟಗಾರರು ಸುತ್ತ ಸೇರಿದರು. ಗೋಲು ಕಾಯುವ ನಮ್ಮ ಗೋಲಿ, ದಿನಾ ನನ್ನ ಜೊತೆ ಕಾಫಿ ಕುಡಿಯುತ್ತಿದ್ದವನೇ, ಕೇಳಿದ: "ಲೇ, ಇನ್ನೂರ ಎಪ್ಪತ್ತು ಎಲ್ಲೋ?"

ಕಳ್ಳನೆನ್ನಿಸಿಕೊಳ್ಳಲು ಒಂದು ಗಳಿಗೆ ಸಾಕಿತ್ತು. ಜೇಬಿನಿಂದ ಡೈರಿ ತೆಗೆದು ಆ ದಿನದ ಪುಟ ಬಿಚ್ಚಿ ಸಾಹುಕಾರರ ಕೈಗೆ ಕೊಟ್ಟೆ. ಗುಮಾಸ್ತರು ಇಣುಕಿ ನೋಡಿದರು.

"ಸರಿಯಾಗೈತೆ ಬುದ್ಧಿ. ಅವ್ರು ಕೇಳಿದ್ದೂ ಮೂವತ್ತೇ, ನಾನು ಕೊಟ್ಟಿದ್ದೂ ಮೂವತ್ತೇ."

ಸಾಹುಕಾರರು ನನ್ನತ್ತ ತಿರುಗಿದರು. "ನಾನು ಹಿಡಿದಿದ್ದು ಮೂರು ಬೆರಳು. ಅದನ್ನ ಮೂವತ್ತು ಅಂತ ನಿಂಗ್ಯಾರು ಹೇಳ್ದೋರು?"

"ಮಂಡೀಲಿ ನೋಡಿದೀನಲ್ಲ. ಗಾಡಿ ಹಣ್ಣಿಗೆ ಮೂರು ಬೆರಳು ಅಂದ್ರೆ ಮೂವತ್ತು."

"ಗಾಡಿಗೆ ಮೂವತ್ತು. ಇಡೀ ತೋಟದ ಫಸಲಿಗೆ ಹಿಡಿದ್ರೆ ಮುನ್ನೂರು. ಬೆರಳು ಬರೀ ಮೂರು ಅನ್ನುತ್ತೆ ಕಣಯ್ಯಾ, ಹತ್ತೋ ನೂರೋ ಅನ್ನೋದು ಮಾಲು ನೋಡಿ ತಿಳ್ಕೋಬೇಕು. ನಮ್ ಕ್ಲಬ್ಬನ್ನ ಒಂದು ಗಾಡಿ ಹಣ್ಣು ಅಂದ್ಕೊಂಡ್ಯಾ ನೀನು?"

ನಾನು ಡೈರಿ ವಾಪಸ್ಸು ತೆಗೆದುಕೊಂಡೆ. ಅಷ್ಟರಲ್ಲಿ ಪಂದ್ಯದ ಸೀಟಿ ಊದಿದರು.

ಆ ಹೊಸ ಬೂಟುಗಳನ್ನು ಕೋಲಾರದವರು ಅಂದೇ ಮೊದಲ ಸಲ ತೊಟ್ಟಿದ್ದರು. ಅರ್ಧ ಆಟಕ್ಕೆ ಹಿಮ್ಮಡಿಯೆಲ್ಲ ಬೊಬ್ಬೆ. ನಾಲ್ಕು ಜನ ಬೂಟು ಬಿಚ್ಚಿ ಗೆರೆಯಾಚೆ ಎಸೆದರು, ಉಳಿದವರು ಕುಂಟುತ್ತ ಓಡಿದರು. ನಮ್ಮ ಬರಿಗಾಲುಗಳಿಗೆ ಕಲ್ಲುನೆಲ ಮೊದಲಿನಿಂದಲೂ ರೂಢಿಯಾಗಿತ್ತು. ಎರಡಕ್ಕೆ ಒಂದು ಗೋಲಿನಲ್ಲಿ ಗೆದ್ದೆವು.

ಆಟ ಮುಗಿದ ಮೇಲೆ ಸಾಹುಕಾರರು ಎಲ್ಲರ ಎದುರಿಗೆ ಮತ್ತೆ ಟವಲು ಹಾಕಿ ನನ್ನ ಮೂರು ಬೆರಳು ಹಿಡಿದರು. ನಾನು ಗಟ್ಟಿಯಾಗಿಯೇ ಕೇಳಿದೆ: "ಗಾಡೀನಾ, ತೋಟಾನಾ?"

"ತೋಟಾನೇ ಕಣಯ್ಯಾ! ಮೂವತ್ತು ಮುರ್ಕೊಂಡು ಮಿಕ್ಕಿದ್ದು ನಾಳೆ ಬಂದು ಈಸ್ಕೊಂಡ್ಹೋಗು."

ವಾಪಸ್ಸು ಬಸ್ಸಿನಲ್ಲಿ ಗೋಲಿ ನನ್ನ ಪಕ್ಕಕ್ಕೇ ಬಂದು ಕೂತು, ತನ್ನ ಟಿಕೆಟ್ಟಿಗೆ ತಾನೇ ಕಾಸು ಕೊಟ್ಟ. ಅದೇ ಅವನು ಕೇಳಿದ ಕ್ಷಮೆ. ಉಳಿದ ಹಣದಲ್ಲಿ ನಾವೂ ಬೂಟು ತಂದೆವು. ಎಲ್ಲರೂ ಹದಿನೈದು ದಿನ ಮನೆಯಲ್ಲೂ ಮಂಡಿಯಲ್ಲೂ ತೊಟ್ಟು ಪಳಗಿಸಿದ ಮೇಲೆಯೇ ಮೈದಾನಕ್ಕೆ ಇಳಿದದ್ದು. ಡೈರಿಯಲ್ಲಿ ಮೂವತ್ತನ್ನು ನಾನು ಹೊಡೆದುಹಾಕಲಿಲ್ಲ. ಅದು ಕೈಗೆ ಬಂದ ಹಣ, ಹಾಗೇ ಇರಲಿ. ಅದರ ಕೆಳಗೆ ಒಂದೇ ಸಾಲು ಸೇರಿಸಿದೆ: ನಮ್ಮ ಕ್ಲಬ್ಬು ತೋಟ.