ಮೂರು ಗೆರಟೆ ನೆಲ

ಮೊನ್ನೆ ಬೆಳಿಗ್ಗೆ ಸೊಸೆ ಸವಿತಾ ನನ್ನ ಮಡಿಲಿಗೆ ಮೂರು ಟೈಲ್ಸ್ ತುಂಡು ತಂದು ಹಾಕಿದಳು. ಅಡುಗೆಮನೆ ಒಡೆದು ಹೊಸದು ಮಾಡುವುದಂತೆ. ಒಂದು ತುಂಡು ನೆಲಕ್ಕೆ, ಒಂದು ಕಟ್ಟೆಗೆ, ಒಂದು ಒಲೆಯ ಹಿಂದಿನ ಗೋಡೆಗೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಬೂದಿ, ಇನ್ನೊಂದು ತಣಿದ ಬೂದಿ, ಮತ್ತೊಂದು ನೀರು ಬಿದ್ದ ಬೂದಿ. ನಾವು ಆಯುಷ್ಯವಿಡೀ ಅಡುಗೆಮನೆಯಿಂದ ಬೂದಿ ಬಾಚಿ ಹೊರಗೆ ಹಾಕಿದ್ದೇ ಹಾಕಿದ್ದು. ಈಗಿನವರು ಅದನ್ನೇ ಪುತ್ತೂರಿನಿಂದ ಪೆಟ್ಟಿಗೆಯಲ್ಲಿ ತುಂಬಿಸಿ ಒಳಗೆ ತರುತ್ತಾರೆ.

"ಅತ್ತೆ, ಮೂರೂ ಒಂದಕ್ಕೊಂದು ಮ್ಯಾಚ್ ಆಗ್ತದಾ ನೋಡಿ."

"ಆಗದೆ ಎಂತ ಮಾರಾಯ್ತಿ? ಮೂರೂ ಒಂದೇ ಒಲೆಯದ್ದು."

ಅವಳು ನಕ್ಕು ಒಳಗೆ ಹೋದಳು. ತುಂಡುಗಳು ಮಡಿಲಲ್ಲೇ ಉಳಿದವು. ಟೈಲ್ಸ್ ಎಂದರೆ ತಣ್ಣಗಿನ ವಸ್ತು. ಮಡಿಲಲ್ಲಿ ಸ್ವಲ್ಪ ಹೊತ್ತು ಇದ್ದರೆ ಹಳೆಯದೆಲ್ಲ ನೆನಪಾಗುತ್ತದೆ. ನೀವೂ ಪುರುಸೊತ್ತಿನಲ್ಲಿದ್ದರೆ ಕೇಳಿ.

ಈ ಮನೆಯ ಅಡುಗೆಮನೆ ಇದಕ್ಕೆ ಮೊದಲು ಒಮ್ಮೆ ಬದಲಾದದ್ದುಂಟು. ನಮ್ಮ ಊರು ಅಜ್ಜಾವರಕ್ಕೆ ಗೋಬರ್ ಗ್ಯಾಸ್ ಬಂದ ಕಾಲ, ಎಂಬತ್ತರ ಆಸುಪಾಸು. ಅಲ್ಲಿಯವರೆಗೆ ನಮ್ಮದು ಸೆಗಣಿ ಸಾರಿಸಿದ ನೆಲ. ನೆಲಕ್ಕೆ ಅಂಟಿಕೊಂಡ ಮಣ್ಣಿನ ಒಲೆ. ಒಲೆಯ ಮುಂದೆ ಮಣೆ, ಮಣೆಯ ಮೇಲೆ ನಮ್ಮ ಅತ್ತಿಗೆ.

ಅತ್ತಿಗೆ ಎಂದರೆ ನನ್ನ ಗಂಡನ ದೊಡ್ಡ ಅಕ್ಕ. ಚಿಕ್ಕಂದಿನಲ್ಲಿ ಯಾವುದೋ ಜ್ವರ ಬಂದು ಎರಡೂ ಕಾಲು ಹೋಗಿದ್ದವು. ಎರಡು ಕೈ ಊರಿ, ಕೂತಲ್ಲಿಂದಲೇ ಸರಿದುಕೊಂಡು ಮನೆಯಿಡೀ ತಿರುಗುತ್ತಿದ್ದರು. ಮದುವೆ ಆಗಲಿಲ್ಲ. ಪಾಪ ಎನ್ನಬೇಡಿ. ಪಾಪ ಎಂದವರಿಗೆ ಅವರು ಎರಡನೇ ಸಲ ಸಾರು ಬಡಿಸುತ್ತಿರಲಿಲ್ಲ.

ಅವರ ಅಡುಗೆಮನೆ ಅವರ ಕೈಯಳತೆಗೆ ಸರಿಯಾಗಿತ್ತು. ಎಡಕ್ಕೆ ಕೈ ಚಾಚಿದರೆ ಹೆರೆಮಣೆ, ಬಲಕ್ಕೆ ಚಾಚಿದರೆ ಅರೆಯುವ ಕಲ್ಲು, ಮೊಣಕಾಲಿನ ಹತ್ತಿರ ಮರದ ಉಪ್ಪಿನ ಮರಿಗೆ. ಕೈಗೆ ಸಿಗದ್ದು ಏನಾದರೂ ಇದ್ದರೆ ಅದಕ್ಕೆ ನಾನಿದ್ದೆ. ಬಾವಿಯ ನೀರು, ಅಟ್ಟದ ಸೌದೆ, ಹಿತ್ತಲಿನ ಕರಿಬೇವಿನ ಸೊಪ್ಪು. ಅವರಿಗೆ ಕಾಲು ಇರಲಿಲ್ಲ ಎಂದು ಊರವರು ಹೇಳುತ್ತಿದ್ದರು. ಸುಳ್ಳು. ಎರಡು ಕಾಲು ಇದ್ದವು, ನನ್ನ ಸೊಂಟದ ಕೆಳಗೆ.

ಹನ್ನೊಂದು ವರ್ಷ ನಾನು ಈ ಮನೆಯಲ್ಲಿ ಸಾರಿಗೆ ಉಪ್ಪು ಹಾಕಲಿಲ್ಲ. ಮೂರು ಮಕ್ಕಳನ್ನು ಹೆತ್ತೆ. ಮೂರು ಬಾಣಂತನ ಮುಗಿಸಿದೆ. ಆದರೆ ಉಪ್ಪಿನ ಮರಿಗೆಗೆ ಕೈ ಹಾಕುವ ಅಧಿಕಾರ ಬರಲಿಲ್ಲ. ಒಮ್ಮೆ ಅವರು ಸ್ನಾನಕ್ಕೆ ಹೋಗಿದ್ದಾಗ ಬೂತಾಯಿ ಮೀನಿನ ಸಾರಿಗೆ ಎರಡು ಹರಳು ಹಾಕಿದೆ. ಬಂದು ಸೌಟಿನಲ್ಲಿ ಒಂದು ತೊಟ್ಟು ಅಂಗೈಗೆ ಬಿಟ್ಟು ನೆಕ್ಕಿ, "ನಿನ್ನ ತವರಲ್ಲಿ ಸಮುದ್ರ ಹತ್ತಿರವಾ?" ಎಂದರು. ನನ್ನ ತವರು ಮಂಡೆಕೋಲು. ಅಲ್ಲಿಂದ ಸಮುದ್ರ ಎಷ್ಟು ದೂರ ಎಂದು ಅವರಿಗೂ ಗೊತ್ತಿತ್ತು.

ಇಂಥ ಮನೆಗೆ ಗ್ಯಾಸ್ ಬಂತು. ನಮ್ಮ ಯಜಮಾನರು ಪುತ್ತೂರಿನಲ್ಲಿ ಯಾರದೋ ಮನೆಗೆ ಊಟಕ್ಕೆ ಹೋಗಿದ್ದರು. ಆ ಮನೆಯ ಹೆಂಗಸು ಕಟ್ಟೆಯ ಮುಂದೆ ನಿಂತು, ಕಣ್ಣಲ್ಲಿ ನೀರು ಇಲ್ಲದೆ ಅಡುಗೆ ಮಾಡುವುದನ್ನು ನೋಡಿ ಬಂದರು. ಅದಕ್ಕಿಂತ ಹೆಚ್ಚಾಗಿ, ಕೆಂಪು ನೆಲ, ಕಪ್ಪು ಕಟ್ಟೆ, ಬಿಳಿ ಗೋಡೆ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಎಂಬುದನ್ನು ನೋಡಿ ಬಂದರು. ಬಂದವರಿಗೆ ಒಂದು ರೋಗ ಹಿಡಿದಿತ್ತು, ಮ್ಯಾಚಿಂಗ್ ಎಂದು ಅದರ ಹೆಸರು. ನಾನು ಹಸಿರು ಸೀರೆಗೆ ನೇರಳೆ ರವಿಕೆ ಹಾಕಿ ಹನ್ನೊಂದು ವರ್ಷ ಎದುರಿಗೆ ಓಡಾಡಿದಾಗ ಕಾಣದ ಬಣ್ಣ ಈಗ ಕಾಣತೊಡಗಿತು.

ಮೇಸ್ತ್ರಿ ಕುಂಞಂಬು ಗಡಿಯಾಚೆಯವನು. ಒಂದೇ ಮಾತಿನಲ್ಲಿ ಮಲಯಾಳ, ತುಳು, ಕನ್ನಡ ಮೂರನ್ನೂ ಕಲಸುವವನು, ಆದರೆ ಸಿಮೆಂಟು ಮಾತ್ರ ಸರಿಯಾಗಿ ಕಲಸುತ್ತಿದ್ದ. ಅವನಿಗೆ ಯಜಮಾನರು ಹೇಳಿದರು, "ನೆಲದ ಕೆಂಪು ಯಾವ ಕೆಂಪು ಅಂತ ಗೊತ್ತಾಗದೆ ಕಟ್ಟೆಗೆ ಕಲ್ಲು ತರುದು ಹೇಗೆ? ನೆಲವನ್ನು ಅಂಗಡಿಗೆ ಕೊಂಡುಹೋಗ್ಲಿಕ್ಕೆ ಆಗ್ತದಾ?"

"ಆಗ್ತದೆ," ಎಂದ ಕುಂಞಂಬು.

ಮೂರು ತೆಂಗಿನ ಗೆರಟೆ ಕೇಳಿದ. ಮೂರರಲ್ಲೂ ಸಿಮೆಂಟು, ಕೆಂಪು ಕಾವಿ ಬೇರೆ ಬೇರೆ ಹದದಲ್ಲಿ ಕಲಸಿ ಹುಯ್ದು, ಮೇಲ್ಭಾಗ ನಯ ಮಾಡಿ ಇಟ್ಟ. ನಾಲ್ಕು ದಿನದಲ್ಲಿ ಒಣಗಿತು. ಯಜಮಾನರು ಮೂರು ಗೆರಟೆ ನೆಲವನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದರು. ಸೀಟಿನಲ್ಲಿ ಕೂತು ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನೋಡಿ ಕಂಡಕ್ಟರ್ ಕೇಳಿದನಂತೆ, "ಎಂತ ಗೌಡ್ರೆ, ಚೀಲದಲ್ಲಿ ಇಷ್ಟು ಭಾರ?"

"ನೆಲ."

"ಜಾಗ ಮಾರಿದ್ರಾ?"

ಬಸ್ಸಿಡೀ ನಕ್ಕಿತಂತೆ. ಇದನ್ನು ಅವರೇ ಬಂದು ಹೇಳಿದ್ದು. ತನ್ನನ್ನು ನೋಡಿ ನಗುವವರ ಜೊತೆ ತಾನೂ ನಗುವ ಗುಣ ಅವರಲ್ಲಿತ್ತು. ಇರಲಿ, ಒಂದಾದರೂ ಇತ್ತಲ್ಲ.

ಕಪ್ಪು ಕಡಪ ಕಲ್ಲು ಬಂತು. ಒಲೆಯ ಹಿಂದಿನ ಗೋಡೆಗೆ ಬಿಳಿ ಟೈಲ್ಸ್ ಬಂತು. ಅದರ ನಟ್ಟನಡುವೆ ಕೂರಿಸಲು ದ್ರಾಕ್ಷಿ ಗೊಂಚಲಿನ ಚಿತ್ರ ಇರುವ ಒಂದು ಟೈಲ್ಸ್ ಬೇರೆ. ನಮ್ಮಲ್ಲಿ ಹಲಸು ಬೆಳೆಯುತ್ತದೆ, ಮಾವು, ಪುನರ್ಪುಳಿ ಬೆಳೆಯುತ್ತದೆ. ದ್ರಾಕ್ಷಿಯನ್ನು ನಾವು ಕಾಣುತ್ತಿದ್ದದ್ದು ಯಾರಾದರೂ ಆಸ್ಪತ್ರೆಯಲ್ಲಿದ್ದಾಗ. ಆದರೂ ನೋಡಲು ಬಂದ ನೆರೆಕರೆಯವರೆಲ್ಲ ಬಣ್ಣದ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ನೆಲಕ್ಕಿಂತ ಕಟ್ಟೆ ಕಪ್ಪಾಯಿತಾ, ಗೋಡೆ ಇನ್ನೂ ಸ್ವಲ್ಪ ಹಳದಿ ಇರಬೇಕಿತ್ತಾ, ಗೊಂಚಲು ಒಲೆಯ ಮೇಲಾ, ಕಿಟಕಿಯ ಪಕ್ಕವಾ.

ವಿಷಯ ಬಣ್ಣದ್ದಲ್ಲ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅತ್ತಿಗೆಗೆ, ನನಗೆ.

ಕಟ್ಟೆ ಬಂದರೆ ಒಲೆ ಮೇಲೆ ಹೋಗುತ್ತದೆ. ಒಲೆ ಮೇಲೆ ಹೋದರೆ ನಿಲ್ಲಲು ಆಗುವವರು ಅಡುಗೆ ಮಾಡುತ್ತಾರೆ. ಅಡುಗೆ ಮಾಡುವವರು ಉಪ್ಪು ಹಾಕುತ್ತಾರೆ. ಇಷ್ಟು ಲೆಕ್ಕಕ್ಕೆ ನಾನು ಕಲಿತ ನಾಲ್ಕನೇ ಕ್ಲಾಸು ಧಾರಾಳ ಸಾಕು. ಗಂಡ ಬಣ್ಣದ ಹಿಂದೆ ಓಡುತ್ತಿದ್ದಾಗ ನಾನು ಒಂದು ಬಣ್ಣದ ಹೆಸರನ್ನೂ ಎತ್ತಲಿಲ್ಲ. "ಕಟ್ಟೆ ಗಟ್ಟಿ ಇರ್ಲಿ," ಎಂದೆ, ಅಷ್ಟೆ.

ಅತ್ತಿಗೆಯೂ ಬಣ್ಣ ಎತ್ತಲಿಲ್ಲ. "ನೆಲ ಕೆಂಪಾಗ್ಲಿ ಹಸಿರಾಗ್ಲಿ, ನುಣ್ಣಗೆ ಇರ್ಲಿ. ನಾನು ಹೋಗುದು ಕಾಲಲ್ಲಿ ಅಲ್ಲ," ಎಂದರು ತಮ್ಮನ ಹತ್ತಿರ. ಆಮೇಲೆ ನನ್ನ ಕಡೆ ತಿರುಗಿದರು.

"ಕಟ್ಟೆ ಯಾಕೆ?"

"ಗ್ಯಾಸಿಗೆ, ಅತ್ತಿಗೆ."

"ಗ್ಯಾಸಿಗೆ ಕಾಲು ಉಂಟಾ, ನಿಂತುಕೊಳ್ಳಲಿಕ್ಕೆ?"

"ಗ್ಯಾಸಿಗೆ ಇಲ್ಲ. ನನಗೆ ಉಂಟು."

ಬಾಯಿಂದ ಬಿದ್ದ ಮಾತನ್ನು ಹೆಕ್ಕಿ ಒಳಗೆ ಹಾಕಿಕೊಳ್ಳಲು ಆಗುವುದಿಲ್ಲ. ಹಾಕಿಕೊಳ್ಳುವ ಮನಸ್ಸೂ ನನಗೆ ಇರಲಿಲ್ಲ. ಅವರು ಹೆರೆಮಣೆ ಎಳೆದುಕೊಂಡು ಕಾಯಿ ಹೆರೆಯತೊಡಗಿದರು. ಅಂದಿನ ಸಾರಿಗೆ ಉಪ್ಪು ಹದವಾಗಿಯೇ ಇತ್ತು. ಸಿಟ್ಟಿನಲ್ಲೂ ಅವರ ಕೈ ತಪ್ಪುತ್ತಿರಲಿಲ್ಲ. ಅದೊಂದು ನನಗೆ ಸಹಿಸಲಾಗದ ಸಂಗತಿ.

ನೆಲ ಹಾಕಿದ ಮೇಲೆ ಅದನ್ನು ಉಜ್ಜಿ ಹೊಳಪು ತರುವ ಕೆಲಸ ಇರುತ್ತದೆ. ಮೇಸ್ತ್ರಿ ಎರಡು ದಿನ ಉಜ್ಜಿ ಸಾಕು ಎಂದ. ಅತ್ತಿಗೆ ಸಾಕು ಎನ್ನಲಿಲ್ಲ. ಪಯಸ್ವಿನಿ ಹೊಳೆಯಿಂದ ಒಂದು ನುಣುಪು ಕಲ್ಲು ತರಿಸಿ, ಗೋಣಿಯ ಮೇಲೆ ಕೂತು ದಿನಾ ಉಜ್ಜಿದರು. ಕಲ್ಲಿನಲ್ಲಿ ಆದ ಮೇಲೆ ಹಾಲು ಹಿಂಡಿದ ಕಾಯಿಯ ಚರಟದಲ್ಲಿ. ಸರಿಯುತ್ತಾ ಉಜ್ಜಿ, ಉಜ್ಜುತ್ತಾ ಸರಿದು, ಹದಿನೈದು ದಿನದಲ್ಲಿ ಆ ನೆಲದಲ್ಲಿ ಮುಖ ಕಾಣುವಂತೆ ಮಾಡಿದರು. ಕುಂಞಂಬು ತಲೆ ಅಲ್ಲಾಡಿಸಿ, "ಇದು ನಾನು ಮಾಡಿದ ನೆಲ ಅಲ್ಲ," ಎಂದ.

ಕಟ್ಟೆಯೂ ಎದ್ದಿತು. ಹೊಸ ಅಡುಗೆಮನೆಯ ಒಕ್ಕಲಿನ ದಿನ ಎಲ್ಲರೂ ನಿಂತು ದ್ರಾಕ್ಷಿ ನೋಡುತ್ತಿದ್ದರು. ಅತ್ತಿಗೆ ನೆಲದಲ್ಲಿ ಕೂತು ತಲೆ ಎತ್ತಿದರು. ಅವರು ಕೂತಲ್ಲಿಗೆ ಕಪ್ಪು ಕಲ್ಲೂ ಕಾಣುತ್ತಿರಲಿಲ್ಲ, ಬಿಳಿ ಗೋಡೆಯೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಟ್ಟೆಯ ಅಡಿಭಾಗ. ಗಾರೆ ಮಾಡದ ಸಿಮೆಂಟು, ಹಲಗೆಯ ಗುರುತು, ಒಂದು ಬಗ್ಗಿದ ಮೊಳೆ.

"ಚಂದ ಉಂಟಾ ಅಕ್ಕ?" ಎಂದರು ಯಜಮಾನರು, ಹೆಮ್ಮೆಯಿಂದ.

"ನನಗೆ ಕಾಣುದು ಅದರ ಹೊಟ್ಟೆ ಮಾತ್ರ ಮಾರಾಯ. ಹೊಟ್ಟೆಗೆ ಎಂತ ಮ್ಯಾಚಿಂಗ್?"

ಅಂದು ನಾನು ನಿಂತು ಅಡುಗೆ ಮಾಡಿದೆ. ಬಂಗುಡೆ ಮೀನಿನ ಸಾರು, ಹುಳಿಗೆ ಬಿಂಬುಳಿ ಹಾಕಿದ್ದು. ಹನ್ನೊಂದು ವರ್ಷದ ಉಪ್ಪನ್ನು ಒಂದೇ ದಿನ ಹಾಕುತ್ತೇನೋ ಎಂದು ನನಗೇ ಹೆದರಿಕೆ ಇತ್ತು. ಊಟಕ್ಕೆ ಕೂತವರೆಲ್ಲ ಅತ್ತಿಗೆಯ ಮುಖ ನೋಡಿದರು. ಅವರು ಒಂದು ತುತ್ತು ಉಂಡರು.

"ಉಪ್ಪು ಸರಿ ಉಂಟು."

ಬೈದಿದ್ದರೆ ಜಗಳ ಮಾಡಿ ಗೆಲ್ಲಬಹುದಿತ್ತು. ಸರಿ ಉಂಟು ಎಂದ ಮೇಲೆ ಅವರಿಗೆ ಈ ಮನೆಯಲ್ಲಿ ಕೆಲಸವೇ ಉಳಿಯಲಿಲ್ಲ. ಐದಾರು ತಿಂಗಳು ನೆಲ ಒರೆಸಿಕೊಂಡು, ಮಕ್ಕಳಿಗೆ ಜಡೆ ಹಾಕಿಕೊಂಡು ಇದ್ದರು. ಒಂದು ದಿನ ಆಲೆಟ್ಟಿಯಲ್ಲಿ ಬೇರೆ ಮನೆ ಮಾಡಿದ್ದ ಚಿಕ್ಕ ತಮ್ಮನಿಗೆ ಹೇಳಿ ಕಳುಹಿಸಿದರು. ಅವನ ಮನೆಯಲ್ಲಿ ಒಲೆ ಇನ್ನೂ ನೆಲದಲ್ಲೇ ಇತ್ತು. ಜೀಪು ಬಂತು. ಮಣೆ, ಹೆರೆಮಣೆ, ಉಪ್ಪಿನ ಮರಿಗೆ ಕಟ್ಟಿಕೊಂಡರು. ನಾನು ಅಳಲಿಲ್ಲ, ಅವರೂ ಅಳಲಿಲ್ಲ. "ಮರಿಗೆ ನನ್ನದು. ನಿನಗೆ ಡಬ್ಬಿ ಸಾಕು," ಎಂದರು. ಜೀಪು ಹೊರಟಿತು.

ಆಮೇಲಿನದು ನಗುವ ಸಂಗತಿ. ಆಲೆಟ್ಟಿಯ ಮನೆಯ ಊಟಕ್ಕೆ ಹೆಸರು ಬಂತು. ರಜೆ ಬಂದರೆ ನನ್ನ ಮೂರು ಮಕ್ಕಳೂ ಅಲ್ಲಿಗೆ ಓಟ. ಯಜಮಾನರಿಗಂತೂ ಪ್ರತಿ ಆದಿತ್ಯವಾರ ಆಲೆಟ್ಟಿಯಲ್ಲಿ ಏನಾದರೊಂದು ಕೆಲಸ ಹುಟ್ಟುತ್ತಿತ್ತು. ತಮ್ಮನ ಪಂಪು ಹಾಳು, ತಮ್ಮನ ದನಕ್ಕೆ ಹುಷಾರಿಲ್ಲ. ಹೋದವರು ಮಧ್ಯಾಹ್ನ ಉಂಡು, ಮೀಸೆ ಒರೆಸಿಕೊಂಡು ಸಂಜೆ ಬರುತ್ತಿದ್ದರು. ನಾನು ಕಪ್ಪು ಕಲ್ಲಿನ ಮುಂದೆ, ದ್ರಾಕ್ಷಿಯ ಕೆಳಗೆ, ಬೇಕಾದಷ್ಟು ಉಪ್ಪು ಇಟ್ಟುಕೊಂಡು ಒಬ್ಬಳೇ ನಿಂತಿರುತ್ತಿದ್ದೆ. ಅತ್ತಿಗೆ ಹದಿನಾಲ್ಕು ವರ್ಷ ಅಲ್ಲಿ ಉಪ್ಪು ಹಾಕಿದರು. ಆಮೇಲೆ ಸತ್ತರು. ಒಂದು ದಿನವೂ ಈ ಮನೆಗೆ ಬಂದು ಉಳಿಯಲಿಲ್ಲ.

ಕಾಲಕ್ಕೆ ತಕ್ಕ ಹಾಗೆ ಒಲೆ ಮೇಲೆ ಹೋಯಿತು, ಯಾರೂ ಏನೂ ಮಾಡುವ ಹಾಗಿರಲಿಲ್ಲ ಎಂದು ನಮ್ಮವರೆಲ್ಲ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಾ ಬಂದಿದ್ದೇನೆ. ಆದರೆ ಒಂದು ಮಾತು ಯಾರಿಗೂ ಗೊತ್ತಿಲ್ಲ. ಕಟ್ಟೆ ಕಟ್ಟುವ ದಿನ ಯಜಮಾನರು ಸುಳ್ಯಕ್ಕೆ ಹೋಗಿದ್ದರು. ಕುಂಞಂಬು ಕರಣೆ ಕೆಳಗಿಟ್ಟು ನನ್ನನ್ನು ಕರೆದ.

"ಅಕ್ಕಾ, ಈ ಮೂಲೆಯಲ್ಲಿ ಒಂದು ತಗ್ಗು ಕಟ್ಟೆ ಇಡುವಾ? ಒಂದೇ ಸಾಲು ಕೆಂಪುಕಲ್ಲು ಸಾಕು. ಗ್ಯಾಸಿನ ಪೈಪು ಅಲ್ಲಿಗೂ ಎಳಿಬಹುದು. ದೊಡ್ಡಕ್ಕನಿಗೆ ಕೂತು ಮಾಡ್ಲಿಕ್ಕೆ ಆಗ್ತದಲ್ಲ."

ನಾನು ಮೂಲೆ ನೋಡಿದೆ. ಜಾಗ ಇತ್ತು. ಕಲ್ಲೂ ಉಳಿದಿತ್ತು.

"ಬೇಡ ಮೇಸ್ತ್ರಿ," ಎಂದೆ. "ಒಂದು ಎತ್ತರ, ಒಂದು ತಗ್ಗು ಆದ್ರೆ ಚಂದ ಕಾಣುದಿಲ್ಲ. ಮ್ಯಾಚ್ ಆಗುದಿಲ್ಲ."

ಗಂಡನ ರೋಗಕ್ಕೆ ಅಷ್ಟು ನಕ್ಕವಳು ನಾನು. ಚಂದದ ಬಗ್ಗೆ ಜೀವಮಾನದಲ್ಲಿ ಬಾಯಿ ಬಿಟ್ಟದ್ದು ಆ ಒಂದು ಸಲ. ಕುಂಞಂಬು ನನ್ನ ಮುಖ ನೋಡಿದ, ಕರಣೆ ಎತ್ತಿಕೊಂಡ, "ನೀವು ಹೇಳಿದ ಹಾಗೆ," ಎಂದ. ಅವನಿಗೆ ಅರ್ಥವಾಗಿತ್ತು.

ಅಷ್ಟು ಹೊತ್ತಿಗೆ ಸವಿತಾ ಒಳಗಿನಿಂದ ಒಂದು ಕಾಗದ ಹಿಡಿದುಕೊಂಡು ಬಂದಳು. ಹೊಸ ಅಡುಗೆಮನೆಯ ನಕ್ಷೆಯಂತೆ. ಕಟ್ಟೆಯ ಗೆರೆ ನೇರ ಬಂದು ಕಿಟಕಿಯ ಹತ್ತಿರ ಒಮ್ಮೆ ಕೆಳಗೆ ಇಳಿದಿತ್ತು.

"ಇದು ಎಂತ? ಕೈ ತಪ್ಪಿತಾ?"

"ಅಲ್ಲ ಅತ್ತೆ, ಅದು ನಿಮಗೆ. ಮೊಣಕಾಲು ನೋವಲ್ಲಿ ನಿಮಗೆ ನಿಲ್ಲಲಿಕ್ಕೆ ಆಗುದಿಲ್ಲ ಅಲ್ವಾ, ಕುರ್ಚಿ ಹಾಕಿ ಕೂತು ಮಾಡ್ಬಹುದು. ಸಣ್ಣ ಒಲೆಯೂ ಅಲ್ಲೇ ಬರ್ತದೆ. ನಕ್ಷೆ ಮಾಡಿದವರು ಎರಡು ಎತ್ತರ ಆದ್ರೆ ಚಂದ ಬರುದಿಲ್ಲ ಅಂದ್ರು. ಚಂದ ಇಲ್ದಿದ್ರೂ ಅಡ್ಡಿಲ್ಲ, ಇರ್ಲಿ ಅಂದೆ."

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಒಬ್ಬಳು ಇಷ್ಟು ಸುಲಭವಾಗಿ, ಯಾರೂ ಕೇಳದೆ, ಒಂದು ಪೆನ್ಸಿಲ್ ಗೆರೆಯಲ್ಲಿ ಇದನ್ನು ಮಾಡಿಬಿಟ್ಟಳಲ್ಲ ಎಂದು. ಸುಲಭ ಎಂದು ನನಗೆ ಅಂದೂ ಗೊತ್ತಿತ್ತು.

ಅವಳು ಟೇಪು ತಂದು ನಾನು ಕೂತ ಕುರ್ಚಿಯ ಪಕ್ಕ ಹಿಡಿದು ಎತ್ತರ ಅಳೆದಳು. ನನ್ನ ಮೊಣಕೈ ಹಿಡಿದು ಮಡಚಿ, ತರಕಾರಿ ಹೆಚ್ಚುವ ಹಾಗೆ ಇಟ್ಟುಕೊಳ್ಳಿ ಎಂದಳು. ಹೇಳಿದಂತೆ ಇಟ್ಟುಕೊಂಡೆ. ಮಡಿಲಿನ ಮೂರು ತುಂಡು ಜಾರಿ ಕೆಳಗೆ ಬಿದ್ದವು. ಒಂದು ಒಡೆಯಿತು.

"ಅತ್ತೆ, ಎಂತ ಆಯ್ತು? ಈ ತಗ್ಗು ಕಟ್ಟೆ ಬೇಡ್ವಾ?"

"ಬೇಕು," ಎಂದೆ. "ಇದನ್ನೇ ಮೊದಲು ಕಟ್ಟಲಿ. ಬಣ್ಣ ಆಮೇಲೆ ನೋಡುವ."