ಐದು ಸುಳ್ಳು ಗುಂಡು

ಕೋವಿ ರಿಪೇರಿ ಮಾಡೋ ಹೆಂಗಸು ಅಂದರೆ ಜನ ಎರಡು ಸಲ ತಿರುಗಿ ನೋಡುತ್ತಾರೆ. ನೋಡಲಿ, ನನ್ನ ಗಂಟೇನು ಹೋಗುತ್ತೆ. ಅಪ್ಪನ ಅಂಗಡಿ, ಅಪ್ಪನ ಲೇತು, ಅಪ್ಪನ ಅರಗಳು, ಎಲ್ಲ ಮೂವತ್ತು ವರ್ಷದಿಂದ ನನ್ನ ಕೈಯಲ್ಲಿವೆ. ಕೆಲಸ ಕಲಿಸಿದ್ದು ಅಪ್ಪ. ಕೋವಿಗೆ ಹೆದರೋದನ್ನು ಕಲಿಸಿದ್ದು ಗುರಿ ಮೇಷ್ಟ್ರು.

ಶೂಟಿಂಗ್ ಕ್ಲಬ್ಬಿನಲ್ಲಿ ನಲವತ್ತು ವರ್ಷ ಗುರಿ ಹೇಳಿಕೊಟ್ಟವರು ಅವರು. ಅವರ ಹತ್ತಿರ ಕಲಿತವರಿಗೆಲ್ಲ ಒಂದು ಪಾಠ ಬಾಯಿಗೆ ಬರುತ್ತೆ. ಕೋವಿ ಕೊಡೋರು "ಖಾಲಿ" ಅನ್ನಬೇಕು. ತಗೊಳ್ಳೋರು ಬೋಲ್ಟ್ ಅನ್ನೋ ಹಿಡಿ ಎಳೆದು, ಗುಂಡು ಕೂರೋ ಜಾಗದಲ್ಲಿ ಕಿರುಬೆರಳು ಹಾಕಿ ತಡಕಿ, ಆಮೇಲೆ "ನೋಡಿದೆ" ಅನ್ನಬೇಕು. ಕೊಟ್ಟವನು ಸಾಕ್ಷಾತ್ ದೇವರೇ ಆಗಿರಲಿ, ನೋಡದೆ ಆ ಮಾತು ಆಡಬಾರದು. ಒಮ್ಮೆ ಕ್ಲಬ್ಬಿನ ಅಧ್ಯಕ್ಷರೇ ಬೋಲ್ಟ್ ಮುಟ್ಟದೆ "ನೋಡಿದೆ" ಅಂದುಬಿಟ್ಟರು. ಮೇಷ್ಟ್ರು ಅವರನ್ನು ಒಂದು ವಾರ ಮೈದಾನದೊಳಗೆ ಕಾಲಿಡೋಕೆ ಬಿಡಲಿಲ್ಲ. ಅಧ್ಯಕ್ಷರು ಗೇಟಿನ ಹೊರಗೆ ನಿಂತು ಹಲ್ಲು ಕಡಿದದ್ದನ್ನು ನಾನೇ ಕಂಡಿದ್ದೇನೆ.

ಈಗ ಮೇಷ್ಟ್ರಿಗೆ ಎಪ್ಪತ್ತೊಂಬತ್ತು. ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಲಗಣ್ಣಂತೂ ಪೂರಾ ಮಂಜು. ಬಲಭುಜ ಎತ್ತಿದರೆ ನೋವು. ಆಪರೇಷನ್ ಮಾಡಿಸಿ ಅಂದರೆ, "ಎಡಗಣ್ಣು ಇನ್ನೂ ಇದೆಯಲ್ಲ" ಅನ್ನುತ್ತಾರೆ. ತಮ್ಮ ಹಳೇ ರೈಫಲನ್ನು ಎಡಭುಜಕ್ಕೆ ಹೊಂದಿಸಿಕೊಡು, ಹಿಂಬದಿಯ ಮರ ಒಂದಿಂಚು ಕಡಿಮೆ ಮಾಡು, ತುದಿಗೆ ರಬ್ಬರ್ ಕೂರಿಸು ಅಂತ ನನ್ನ ದುಂಬಾಲು ಬಿದ್ದಿದ್ದರು. ಮಗಳದು ಬೇರೆಯೇ ರಾಗ, ಮಾರಿಬಿಡಿ ಅಂತ. ಮೇಷ್ಟ್ರು ಇರೋದು ಮಗಳ ಮನೆಯಲ್ಲೇ, ಹಾಗಾಗಿ ದಿನ ಬೆಳಗಾದರೆ ಇದೇ ಜಟಾಪಟಿ. ಕೊನೆಗೆ ಇಬ್ಬರೂ ಒಂದು ಮಾತಿಗೆ ಬಂದರು. ಕೋವಿ ಅಂಗಡಿಯವಳು ಅಪ್ಪನ ಕೈ ನೋಡಲಿ. ಅವಳು ಹೂಂ ಅಂದರೆ ಇಟ್ಟುಕೊಳ್ಳೋದು, ಊಹೂಂ ಅಂದರೆ ಮಾರೋದು. ಹೇಗಿದೆ ನೋಡಿ, ಜಗಳ ಅವರದು, ಕತ್ತು ನನ್ನದು.

ಹೂಂ ಅನ್ನಬೇಕು ಅಂತ ನಾನು ಮೊದಲೇ ತೀರ್ಮಾನ ಮಾಡಿಕೊಂಡಿದ್ದೆ. ಸುಳ್ಳು ಯಾಕೆ ಹೇಳಲಿ. ಆ ರೈಫಲ್ ಕಿತ್ತುಕೊಂಡರೆ ಮನುಷ್ಯ ಹಾಸಿಗೆ ಹಿಡಿಯುತ್ತಾರೆ ಅನ್ನೋ ಭಯ ನನಗಿತ್ತು.

ಮೇಷ್ಟ್ರು, ಮಗಳು ಒಂದು ಮಧ್ಯಾಹ್ನ ಬಂದರು. ನನ್ನ ಅಂಗಡಿಯ ಮುಂಭಾಗಕ್ಕೂ ಒಳಗಿನ ಕೆಲಸದ ಕೋಣೆಗೂ ನಡುವೆ ಇರೋದು ಬರೀ ಹಲಗೆ ಗೋಡೆ. ಮಗಳು ಶಾಲೆಯಲ್ಲಿ ಟೀಚರ್. ಮುಂದಿನ ಬೆಂಚಿನ ಮೇಲೆ, ಆ ಹಲಗೆಗೆ ತಲೆ ಒರಗಿಸಿ ಕೂತು ಉತ್ತರಪತ್ರಿಕೆ ತಿದ್ದೋಕೆ ಶುರುಮಾಡಿದಳು. ನಾನು, ಮೇಷ್ಟ್ರು ಒಳಗೆ ಹೋದೆವು.

ಮೇಷ್ಟ್ರು ಕನ್ನಡಕ ಹುಡುಕುತ್ತಾ ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಕರವಸ್ತ್ರ, ಮಾತ್ರೆಯ ಹಾಳೆ, ಸುಳ್ಳು ಗುಂಡುಗಳು. ಮದ್ದಿಲ್ಲದ ಈ ಹಿತ್ತಾಳೆ ಗುಂಡುಗಳನ್ನು ಅಭ್ಯಾಸಕ್ಕೆ ಅಂತ ನಾನೇ ಲೇತಿನಲ್ಲಿ ಕಡೆದು ಕೊಟ್ಟಿದ್ದೆ. ನಿಜದ ಗುಂಡಿನ ಜೊತೆ ಬೆರೆತು ಹೋಗಬಾರದು ಅಂತ ಬುಡಕ್ಕೆ ಕೆಂಪು ಬಣ್ಣ ಬಳಿದಿದ್ದೆ. ಒಟ್ಟು ಐದು ಮಾಡಿದ್ದೆ.

"ತಗೋ ಹುಡುಗಿ," ಅಂತ ರೈಫಲ್ ಚಾಚಿದರು. ನನಗೆ ಐವತ್ತೆರಡು, ಅವರಿಗೆ ಇನ್ನೂ ಹುಡುಗಿ. "ಒಳಗೊಂದು ಸುಳ್ಳು ಗುಂಡು ಇದೆ, ಟ್ರಿಗರ್ ಒತ್ತಿ ತೋರಿಸೋಕೆ. ಖಾಲಿ ಅಂತಲೇ ತಿಳ್ಕೋ."

"ನೋಡಿದೆ," ಅಂದೆ.

ಬೋಲ್ಟ್ ಮುಟ್ಟಲಿಲ್ಲ. ಗುರಿ ಮೇಷ್ಟ್ರ ಕೈಯಿಂದ ಬಂದದ್ದನ್ನು ನಾನು ಪರೀಕ್ಷೆ ಮಾಡೋದೇ? ಮರದ ಉದ್ದ ಅಳೆದು, ರೈಫಲನ್ನು ಅವರ ಕೈಗೇ ವಾಪಸ್ ಕೊಟ್ಟೆ.

ಅಳತೆಗೆ ಒಂದು ಕ್ರಮ ಇದೆ. ಕೋವಿಯನ್ನು ಭುಜಕ್ಕೆ ಆನಿಸಿ, ಗೋಡೆಯ ಮೇಲಿನ ಗುರುತಿಗೆ ಹಿಡಿದು, ಟ್ರಿಗರ್ ಒತ್ತಬೇಕು. ಒತ್ತುವಾಗ ಮರ ಕೆನ್ನೆಯಿಂದ ಎಷ್ಟು ಜಾರುತ್ತೆ ಅಂತ ನಾನು ನೋಡಬೇಕು. ಗುರುತು ಇರೋದು ಎದುರಿನ ಇಟ್ಟಿಗೆ ಗೋಡೆಯ ಮೇಲೆ. ಆದರೆ ಎಡಭುಜಕ್ಕೆ ಹಿಡಿದಾಗ ಮೇಷ್ಟ್ರ ಮೊಣಕೈಗೆ ಲೇತು ಅಡ್ಡ ಬಂತು. ಏನೋ ಗೊಣಗಿಕೊಂಡು ತಿರುಗಿ ನಿಂತರು, ಹಲಗೆ ಗೋಡೆಯ ಕ್ಯಾಲೆಂಡರಿಗೆ ಗುರಿ ಹಿಡಿದರು. ನಾನು ಪೆನ್ಸಿಲಿಗೆ ಅಂತ ಮೇಜಿನ ಕಡೆ ತಿರುಗಿದೆ.

ಮೇಜಿನ ಮೇಲೆ ಕೆಂಪು ಬುಡದ ಗುಂಡುಗಳು ಬಿದ್ದಿದ್ದವು. ಎಣಿಸಿದೆ. ಐದು. ಇನ್ನೊಮ್ಮೆ ಎಣಿಸಿದೆ. ಐದೇ.

ಹಾಗಾದರೆ ಒಳಗಿರೋದು ಯಾವುದು?

ಹಲಗೆಯ ಆ ಕಡೆ ಮಗಳು ಹಾಳೆ ಮಗುಚಿದ ಸದ್ದು ಕೇಳಿಸಿತು, ಸರಿಯಾಗಿ ಕ್ಯಾಲೆಂಡರಿನ ಹಿಂದಿನಿಂದ. ಮೇಷ್ಟ್ರ ಬೆರಳು ಆಗಲೇ ಟ್ರಿಗರ್ ಮೇಲಿತ್ತು, ನಿಧಾನಕ್ಕೆ ಬಿಗಿಯಾಗುತ್ತಿತ್ತು. ಓಡಿ ನಳಿಗೆ ಹಿಡಿಯೋಣ ಅಂದರೆ ನಡುವೆ ನಾಲ್ಕು ಹೆಜ್ಜೆ. ಕಿರುಚೋಣ ಅಂದರೆ ಬೆಚ್ಚಿದ ಕೈ ಮುಷ್ಟಿ ಕಟ್ಟುತ್ತೆ, ಟ್ರಿಗರ್ ಸಮೇತ. ಮೈದಾನದಲ್ಲಿ ಅವರು ನಮಗೆ ಹೇಳುತ್ತಿದ್ದ ಹಾಗೇ, ಅದೇ ಸಪ್ಪೆ ದನಿಯಲ್ಲಿ, "ಬೆರಳು ಹೊರಗೆ," ಅಂದೆ.

ನಲವತ್ತು ವರ್ಷದ ಅಭ್ಯಾಸ ಅದು. ಯಾಕೆ, ಏನು ಅಂತ ತಲೆ ಕೇಳೋ ಮೊದಲೇ ಬೆರಳು ಆಚೆ ಬಂತು. ನಾನು ಹೋಗಿ ನಳಿಗೆಯನ್ನು ನೆಲಕ್ಕೆ ಬಾಗಿಸಿ, ರೈಫಲ್ ತಗೊಂಡು, ಬೋಲ್ಟ್ ಎಳೆದೆ. ಗುಂಡು ಚಿಮ್ಮಿ ನನ್ನ ಚಪ್ಪಲಿಯ ಹತ್ತಿರ ಬಿತ್ತು. ಅದರ ಬುಡದಲ್ಲಿ ಕೆಂಪು ಇರಲಿಲ್ಲ.

ಮೇಷ್ಟ್ರು ಅದನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು, ಉಗುರಿನಿಂದ ಬುಡ ಕೆರೆದರು.

"ಬೆಳಿಗ್ಗೆ ಅಭ್ಯಾಸ ಮಾಡುವಾಗ ನಿಜದ ಗುಂಡಿನ ಡಬ್ಬೀನೂ ಒರೆಸೋಕೆ ಅಂತ ತೆಗೆದಿದ್ದೆ," ಅಂದರು. "ನನಗೀಗ ಕೆಂಪೂ ಒಂದೇ, ಹಿತ್ತಾಳೇನೂ ಒಂದೇ."

ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತರು. "ಹೊರಗೆ ಹೇಳಬೇಡ ಕಣಮ್ಮ."

ಇಷ್ಟು ವರ್ಷದಲ್ಲಿ ಅವರು ಯಾರ ಹತ್ತಿರವೂ ಅಂಗಲಾಚಿದ್ದನ್ನು ನಾನು ಕಂಡಿರಲಿಲ್ಲ. ಅಯ್ಯೋ ಅನ್ನಿಸಿತು. ಜೊತೆಗೇ ಕೆಂಡದಂಥ ಸಿಟ್ಟೂ ಬಂತು. ರೈಫಲನ್ನು ಮೇಜಿನ ಮೇಲಿಟ್ಟು ಹೊರಗೆ ಹೋದೆ.

ಮಗಳು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ನಕ್ಕಳು. "ಏನಕ್ಕಾ, ನಮ್ಮಪ್ಪ ಪಾಸೋ ಫೇಲೋ? ಇಟ್ಕೊಳ್ಳಲಿ ಬಿಡಿ. ಒಂದು ತಿಂಗಳಿಂದ ಆ ಖುಷಿಗೆ ಎರಡು ತುತ್ತು ಜಾಸ್ತಿ ಉಣ್ತಿದ್ದಾರೆ."

ಇದು ಬೇರೆ. ಬೇಡ ಅನ್ನುತ್ತಿದ್ದವಳೇ ಮೆತ್ತಗಾಗಿದ್ದಳು. ಹೂಂ ಅಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು.

"ಮಾರಿಬಿಡಿ," ಅಂದೆ. ಯಾಕೆ ಅಂತಲೂ ಹೇಳಿದೆ. ಕಣ್ಣು, ಕೆಂಪು ಬುಡ, ಕ್ಯಾಲೆಂಡರು, ಒಂದೂ ಬಿಡಲಿಲ್ಲ. ಅವಳ ಮುಖ ಬಿಳಚಿಕೊಂಡಿತು. ಹಲಗೆಯಿಂದ ತಲೆ ತೆಗೆದು, ನೆಟ್ಟಗೆ ಕೂತಳು. ನನ್ನ ಪಾಲಿನ ತಪ್ಪೊಂದನ್ನು ಮಾತ್ರ ನಾನು ಬಾಯಿಬಿಡಲಿಲ್ಲ. ವಯಸ್ಸಾದವರ ತಪ್ಪು ಎಣಿಸೋದು ಎಷ್ಟು ಸಲೀಸು ನೋಡಿ.

ಮೇಷ್ಟ್ರು ಬಾಗಿಲಿಗೆ ಬಂದು ನಿಂತಿದ್ದರು. "ಅವಳು ಹೇಳಿದ್ದೆಲ್ಲ ನಿಜ ಮಗಳೇ," ಅಂದರು. "ಮಾರೋಣ. ಇವತ್ತೇ ಕಾಗದಕ್ಕೆ ಸಹಿ ಹಾಕ್ತೀನಿ."

ಮಗಳು ಅಪ್ಪನ ಕೈ ಹಿಡಿದುಕೊಂಡು ಅಳೋಕೆ ಶುರುಮಾಡಿದಳು. ಅವರು ಅವಳ ತಲೆ ನೇವರಿಸಿದರು, ಬಹಳ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು 'ನೋಡಿದೆ' ಅಂದಾಗ ಬೋಲ್ಟಿನ ಸದ್ದು ಬರಲೇ ಇಲ್ಲ. ಒಳಗೆ ಕೂತಾಗ ಹೊಳೀತು," ಅಂದರು. ಗದರಲಿಲ್ಲ. "ನನಗೆ ವಯಸ್ಸಾಯ್ತು, ಕಣ್ಣು ಹೋಯ್ತು. ನಿನಗೇನಾಗಿತ್ತು?"

ತಲೆ ತಗ್ಗಿಸಿದೆ. ಇದ್ದದ್ದು ಒಂದೇ ಉತ್ತರ.

"ನಿಮ್ಮ ಮೇಲಿನ ಮರ್ಯಾದೆ, ಮೇಷ್ಟ್ರೇ."

"ಅದನ್ನ ಅವಳಿಗೆ ಹೇಳು," ಅಂತ ಮಗಳನ್ನು ತೋರಿಸಿದರು.

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಾ ಕಾದಳು.