ಎರಡು ಗಂಟೆಯ ಹಾಡು

ಆಗೆಲ್ಲ ನಮ್ಮ ಮನೆಯಲ್ಲಿ ಮೂರು ಗಡಿಯಾರಗಳಿದ್ದವು. ಅಡುಗೆಮನೆಯ ಗೋಡೆಯ ಮೇಲಿನದು ಐರ್ಲೆಂಡಿನ ಹೊತ್ತು ತೋರಿಸುತ್ತಿತ್ತು. ಮೈಕ್ರೊವೇವಿನದನ್ನು ಅಮ್ಮ ಬೆಂಗಳೂರಿನ ಹೊತ್ತಿಗೆ ಇಟ್ಟಿದ್ದಳು, ಅಜ್ಜಿ ಮಲಗುವ ಮುಂಚೆ ಫೋನ್ ಮಾಡಬೇಕಲ್ಲ! ಮೂರನೆಯದು ನನ್ನ ಕೈಗಡಿಯಾರ. ಅದು ಕೆನಡಾದ ಹೊತ್ತು. ಅದರ ಮುಳ್ಳನ್ನು ಇಲ್ಲಿನ ಹೊತ್ತಿಗೆ ತಿರುಗಿಸಲು ನಾನು ಯಾರನ್ನೂ ಬಿಡುತ್ತಿರಲಿಲ್ಲ. ಲಾಕ್‌ಡೌನಿನಲ್ಲಿ ಬೆಳೆದ ಮಕ್ಕಳಿಗೆಲ್ಲ ಒಂದೊಂದು ಹುಚ್ಚು ಹಿಡಿದಿತ್ತು. ನನಗೆ ಹಿಡಿದದ್ದು ಇದು.

ನಾನು ಹುಟ್ಟಿದ್ದು ಟೊರಾಂಟೊ ಪಕ್ಕದ ಬ್ರಾಂಪ್ಟನ್ನಿನಲ್ಲಿ. ನನಗೆ ಹತ್ತು ವರ್ಷವಾದಾಗ ಅಪ್ಪನಿಗೆ ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನಲ್ಲಿ ಕೆಲಸವಾಯಿತು. ಅಲ್ಲಿ ಮನೆ ಮಾಡುವುದು ಕೈಗೆಟುಕುವ ಮಾತಲ್ಲ, ಹಾಗಾಗಿ ಹತ್ತಿರದ ಊರಾದ ನೇಸ್‌ನಲ್ಲಿ ಬಾಡಿಗೆಗೆ ಹಿಡಿದರು. ಅಮ್ಮನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ವಿಮಾನದಲ್ಲಿ ನಾನು ಅತ್ತು ರಂಪ ಮಾಡಿದಾಗ ಅಪ್ಪ ನನ್ನ ಕಿರುಬೆರಳಿಗೆ ತನ್ನ ಕಿರುಬೆರಳು ಸಿಕ್ಕಿಸಿ, "ಒಂದೇ ವರ್ಷ ಪುಟ್ಟಿ. ಆಮೇಲೆ ವಾಪಸ್," ಎಂದು ಮಾತು ಕೊಟ್ಟಿದ್ದ.

ಹೊಸ ಶಾಲೆಯಲ್ಲಿ ನನ್ನನ್ನು ಎಲ್ಲರೂ 'ಅಮೆರಿಕಾದ ಹುಡುಗಿ' ಎನ್ನುತ್ತಿದ್ದರು. ಮೈಯೆಲ್ಲ ಉರಿದುಹೋಗುತ್ತಿತ್ತು. ಅಮೆರಿಕಾ ಅಲ್ಲ, ಕೆನಡಾ ಎಂದು ನಾನು ಕಿರುಚಿದರೆ, "ಸರಿ, ಆದರೆ ನಿಜವಾಗಿ ಎಲ್ಲಿಯವಳು?" ಎನ್ನುತ್ತಿದ್ದರು. ನಿಜವಾಗಿ ಅಂದರೆ? ಹುಟ್ಟಿದ್ದು ಸುಳ್ಳೇ? ನಾನು ಹಟ ಹಿಡಿದು ಇನ್ನಷ್ಟು ಕೆನಡಾದವಳಾದೆ. ಅಲ್ಲಿಂದ ತಂದಿದ್ದ ಮೇಪಲ್ ಸಿರಪ್ಪಿನ ಬಾಟಲಿಯನ್ನು ಬೀರುವಿನಲ್ಲಿ ಬಚ್ಚಿಟ್ಟು, ಭಾನುವಾರಕ್ಕೊಮ್ಮೆ ದೋಸೆಗೆ ಒಂದೇ ಚಮಚ ಸುರಿದುಕೊಳ್ಳುತ್ತಿದ್ದೆ. "ಚಟ್ನಿ ಬಿಟ್ಟು ಇದೇನು ಅಪದ್ಧ!" ಎಂದು ಅಮ್ಮ ಮುಖ ಹಿಂಡುತ್ತಿದ್ದಳು.

ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಅಷ್ಟರಲ್ಲಿ ನನಗೊಬ್ಬಳೂ ಗೆಳತಿ ಆಗಿರಲಿಲ್ಲ, ಇನ್ನು ಆಗುವ ದಾರಿಯೂ ಇರಲಿಲ್ಲ. ಅಪ್ಪ ಬೆಳಗ್ಗಿನಿಂದ ಸಂಜೆಯವರೆಗೆ ಮೇಲಿನ ಚಿಕ್ಕ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿರುತ್ತಿದ್ದ. ಅಮ್ಮ ಆಸ್ಪತ್ರೆಯಿಂದ ಬಂದರೆ ಹಿತ್ತಿಲ ಬಾಗಿಲಲ್ಲೇ ಬಟ್ಟೆ ಬದಲಿಸಿ ಸ್ನಾನಕ್ಕೆ ಓಡುತ್ತಿದ್ದಳು. "ಹತ್ರ ಬರ್ಬೇಡ, ನಿಲ್ಲು!" ಎಂಬುದೇ ಅವಳ ಮೊದಲ ಮಾತು. ಅವಳ ಕೈಯಲ್ಲಿ ಒಗ್ಗರಣೆಯ ವಾಸನೆ ಹೋಗಿ ಸ್ಯಾನಿಟೈಸರಿನ ವಾಸನೆ ಬಂದಿತ್ತು. ದಿನವಿಡೀ ಅದೇ ಸುದ್ದಿ ನೋಡಿ ಬರುವವಳು, ಮನೆಯಲ್ಲಿ ನ್ಯೂಸ್ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಳು. ರಾತ್ರಿ ಊಟವಾದ ಮೇಲೆ ಎದುರು ಕೂರಿಸಿ ಒಂದು ಪುಟ ಕನ್ನಡ ಬರೆಸುತ್ತಿದ್ದಳು. ಇದನ್ನು ನಾನು ಬರೆಯುತ್ತಿರುವುದೂ ಆ ಪುಣ್ಯದಿಂದಲೇ.

ಹೊರಗೆ ಎಂದೂ ಇಲ್ಲದ ಬಿಸಿಲು. ಅಕ್ಕಪಕ್ಕದ ಹಿತ್ತಿಲುಗಳಲ್ಲಿ ಹುಲ್ಲು ಕತ್ತರಿಸಿದ ಹಸಿ ವಾಸನೆ, ಅಣ್ಣ ತಂಗಿಯರ ಜಗಳದ ಸದ್ದು. ನಾನು ಕಲ್ಲುಹಾಸಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಬ್ಬಳೇ ಕುಂಟೆಬಿಲ್ಲೆ ಆಡುತ್ತಿದ್ದೆ. ಒಬ್ಬಳೇ ಆಡಿದರೆ ಗೆಲ್ಲುವುದೂ ನಾನೇ ಸೋಲುವುದೂ ನಾನೇ. ಎರಡು ದಿನಕ್ಕೆ ಸಾಕೋ ಸಾಕಾಯಿತು.

ಹಾಗಿರುವಾಗ ಶುರುವಾದದ್ದು ಹಾಡು. ಬ್ರಾಂಪ್ಟನ್ನಿನ ಶಾಲೆಯಲ್ಲಿ ದಿನಾ ಬೆಳಗ್ಗೆ ಒಂಬತ್ತಕ್ಕೆ ಸ್ಪೀಕರಿನಲ್ಲಿ ರಾಷ್ಟ್ರಗೀತೆ ಬರುತ್ತಿತ್ತು. ತಡವಾಗಿ ಬಂದು ಕಾರಿಡಾರಿನಲ್ಲಿ ಓಡುತ್ತಿದ್ದವರೂ ಇದ್ದಲ್ಲೇ ನಿಲ್ಲಬೇಕು. ಅಲ್ಲಿ ಒಂಬತ್ತೆಂದರೆ ನೇಸ್‌ನಲ್ಲಿ ಮಧ್ಯಾಹ್ನ ಎರಡು. ಕೈಗಡಿಯಾರ ನೋಡಿಕೊಂಡು ನಾನು ಹಿತ್ತಿಲಲ್ಲಿ ನೆಟ್ಟಗೆ ನಿಂತು, ಗಂಟಲು ಬಿಟ್ಟು ಹಾಡುತ್ತಿದ್ದೆ. ಇದೇ ಗಳಿಗೆಯಲ್ಲಿ ನನ್ನ ಕ್ಲಾಸಿನವರೆಲ್ಲ ಹಾಡುತ್ತಿದ್ದಾರೆ, ಕಿಟಕಿ ಪಕ್ಕದ ನನ್ನ ಜಾಗ ಖಾಲಿ ಇದೆ, ನಾನು ಇಲ್ಲಿಂದಲೇ ಅದನ್ನು ತುಂಬುತ್ತಿದ್ದೇನೆ ಎಂದು ನನ್ನ ಲೆಕ್ಕ. ಕೆನಡಾದಲ್ಲಿ ಶಾಲೆ ಮುಚ್ಚುವಂಥದ್ದೆಲ್ಲ ಆಗುವುದಿಲ್ಲ, ನಮ್ಮ ದೇಶ ಅಂದರೆ ಏನೆಂದುಕೊಂಡಿರಿ!

ಒಮ್ಮೆ ಅನುಮಾನ ಬಂದು ಕೇಳಿದ್ದೆ. "ಅಪ್ಪಾ, ಅಲ್ಲಿ ನಮ್ ಸ್ಕೂಲ್ ನಡೀತಿದೆ ತಾನೆ?"

ಅಪ್ಪ ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಹ್ಞೂಂ ಪುಟ್ಟಿ, ಎಲ್ಲ ಗ್ರ್ಯಾಂಡ್," ಎಂದ, ಎಲ್ಲ ಸರಿಯಿದೆ ಎನ್ನಲು ಐರ್ಲೆಂಡಿನವರು ಹೇಳುವ ಹಾಗೆ.

ಪಕ್ಕದ ಮನೆಯಲ್ಲಿ ಬ್ರೀಡಾ ಎಂಬ ವೃದ್ಧೆ ಒಬ್ಬರೇ ಇದ್ದರು. ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಡಕೂಡದು ಎಂದು ಆಗ ನಿಯಮ. ನಮ್ಮಿಬ್ಬರ ಹಿತ್ತಿಲ ನಡುವೆ ಎದೆಮಟ್ಟದ ಗೋಡೆ. ಒಂದು ದಿನ ಹಾಡು ಮುಗಿಸಿ ತಿರುಗಿದರೆ, ಗೋಡೆಯಾಚೆ ಕುರ್ಚಿ ಹಾಕಿಕೊಂಡು ಕೇಳುತ್ತಿದ್ದರು. ಮರುದಿನ ಗೋಡೆಯ ಮೇಲೆ ನೀಲಿ ಅಂಚಿನ ಬೋಗುಣಿಯಲ್ಲಿ ಸೋಡಾ ಬ್ರೆಡ್ ಇತ್ತು.

ಅಮ್ಮ ಬೋಗುಣಿಯನ್ನು ಎರಡೆರಡು ಸಲ ತೊಳೆದಳು. ಖಾಲಿ ಪಾತ್ರೆ ಹಿಂದಿರುಗಿಸುವುದುಂಟೇ? ಚಿತ್ರಾನ್ನ ತುಂಬಿ ಗೋಡೆಯ ಮೇಲಿಟ್ಟಳು. ಬ್ರೀಡಾ ಅವರಿಗೆ ಇದೇನೋ ನಮ್ಮವರ ನೇಮವಿರಬೇಕು ಎನಿಸಿ, ಅವರೂ ಖಾಲಿ ಕೊಡಲು ಹೆದರಿ ಆಪಲ್ ಟಾರ್ಟ್ ಇಟ್ಟರು. ಅಮ್ಮ ಕೇಸರಿಬಾತ್ ಇಟ್ಟಳು. "ಅಯ್ಯೋ ರಾಮ, ಇದು ನಿಲ್ಲೋದೇ ಇಲ್ವಲ್ಲೇ!" ಎಂದು ಅಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು. ನಾನು ಇಲ್ಲಿನ ಮಕ್ಕಳಂತೆ ಬ್ರೀಡಾ ಎಂದೇ ಕರೆದದ್ದು ಕೇಳಿ ಮಾತ್ರ ಕಣ್ಣು ಕೆಂಪಗೆ ಮಾಡಿದಳು. "ದೊಡ್ಡೋರನ್ನ ಹೆಸರು ಹಿಡಿದು ಕರೀತಾರೇನೇ? ಅಜ್ಜಿ ಅನ್ನು." ಹಾಗೆ ಅವರು ಬ್ರೀಡಜ್ಜಿ ಆದರು. ಅರ್ಥ ಹೇಳಿದಾಗ ಅವರು ಮತ್ತೊಮ್ಮೆ ಕರೆ ಎಂದರು.

ಮೇ ತಿಂಗಳ ಒಂದು ಮಧ್ಯಾಹ್ನ ನಾನು ಜಂಬದಿಂದ ಹೇಳಿದೆ. "ಈಗ ನಮ್ಮ ಶಾಲೆಯಲ್ಲಿ ಎಲ್ಲರೂ ಇದನ್ನೇ ಹಾಡ್ತಿದ್ದಾರೆ ಅಜ್ಜೀ, ನನ್ ಜೊತೆಗೇ."

ಬ್ರೀಡಜ್ಜಿ ಮುಗ್ಧವಾಗಿ ನಕ್ಕರು. "ಇಲ್ಲ ಮಗಳೇ, ಅಲ್ಲೂ ಶಾಲೆ ಮುಚ್ಚಿ ಎರಡು ತಿಂಗಳಾಯ್ತಲ್ಲ. ನನ್ನ ಮಗಳು ಕೆನಡಾದಲ್ಲೇ, ಒಟ್ಟಾವಾದಲ್ಲಿ ಇರೋದು. ಮೊಮ್ಮಕ್ಕಳಿಬ್ಬರೂ ಮನೇಲೇ ಕೂತು ಅವಳ ತಲೆ ತಿಂತಿದ್ದಾರೆ."

ಎರಡು ತಿಂಗಳು ನಾನು ಯಾರ ಜೊತೆಗೂ ಹಾಡಿರಲಿಲ್ಲ. ನನ್ನ ಜಾಗವೊಂದೇ ಅಲ್ಲ, ಎಲ್ಲರ ಜಾಗವೂ ಖಾಲಿ ಇತ್ತು. ದಡದಡ ಮೆಟ್ಟಿಲು ಹತ್ತಿ ಅಪ್ಪನ ಕೋಣೆಯ ಬಾಗಿಲು ಒದ್ದೆ. ಪರದೆಯ ಮೇಲೆ ಆರೇಳು ಮುಖಗಳಿದ್ದವು.

"ಸುಳ್ಳು ಹೇಳ್ದೆ ನೀನು! ಸ್ಕೂಲ್ ಮುಚ್ಚಿದೆ!"

ಅಪ್ಪ ಲ್ಯಾಪ್‌ಟಾಪ್ ಮುಚ್ಚಿ ಹೆಡ್‌ಫೋನ್ ತೆಗೆದ. "ನಿಂಗೆ ದಿನದಲ್ಲಿ ಅದೊಂದೇ ಖುಷಿ ಇತ್ತು ಕಣೇ. ಅದನ್ನೂ ಹೆಂಗೆ ಕಿತ್ಕೊಳ್ಲಿ?"

"ಹಾಗಾದ್ರೆ ವಾಪಸ್ ಹೋಗೋದು? ಅದೂ ಸುಳ್ಳಾ?"

ಅಪ್ಪ ನನ್ನ ಮುಖ ನೋಡಲಿಲ್ಲ. ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತುತ್ತಾ ಕುಳಿತ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವನು ಕೈ ಚಾಚಿದರೂ ಹತ್ತಿರ ಹೋಗಲಿಲ್ಲ.

ಮರುದಿನ ಎರಡು ಗಂಟೆಗೆ ನಾನು ಹೊದ್ದು ಮಲಗಿದ್ದೆ. ಕೈಗಡಿಯಾರ ಬೀರುವಿನಲ್ಲಿ, ಬಾಟಲಿಯ ಪಕ್ಕ ಬಿದ್ದಿತ್ತು. ಎರಡು ಕಳೆದು ಐದು ನಿಮಿಷವಾಗಿರಬೇಕು, ಕಿಟಕಿಯ ಹೊರಗೆ ಒಂದು ಗೊಗ್ಗರು ದನಿ ಕೇಳಿಸಿತು. ನನ್ನ ಹಾಡು! ಮಾತೇ ಇಲ್ಲ, ಬರೀ ಲಾ ಲಾ. ರಾಗ ಎಲ್ಲೆಲ್ಲಿಗೋ ಹೋಗುತ್ತಿತ್ತು. ನಮ್ಮ ರಾಷ್ಟ್ರಗೀತೆಯನ್ನು ಹೀಗೆ ಕೆಡಿಸುವುದೇ? ಎಲ್ಲಿಲ್ಲದ ಕೋಪ ಬಂದು ಬರಿಗಾಲಲ್ಲೇ ಕೆಳಗೋಡಿದೆ.

ಬ್ರೀಡಜ್ಜಿ ಕುರ್ಚಿಯಲ್ಲಿರಲಿಲ್ಲ. ಮಂಡಿನೋವಿನವರು ಎದ್ದು ನಿಂತಿದ್ದರು, ಒಂದು ಕೈ ಊರುಗೋಲಿನ ಮೇಲೆ, ಇನ್ನೊಂದು ಗೋಡೆಯ ಮೇಲೆ.

"ಹಾಗಲ್ಲ ಅಜ್ಜೀ! ಅಲ್ಲಿ ಮೇಲೆ ಹೋಗ್ಬೇಕು."

"ಹಾಗಾದರೆ ನೀನೇ ಹಾಡು. ನನಗೆ ಬರಲ್ಲ. ಇಷ್ಟು ದಿನ ಜೊತೆಗೆ ನಿಂತಿದ್ದೆ ಅಷ್ಟೆ."

ಆಗ ನನಗೆ ಹೊಳೆಯಿತು. ನಾನು ಬೆನ್ನು ತಿರುಗಿಸಿ, ಕೆನಡಾ ಇರುವ ದಿಕ್ಕೆಂದು ಶೆಡ್ಡಿನ ಕಡೆ ಮುಖ ಮಾಡಿ ಹಾಡುತ್ತಿದ್ದಾಗಲೆಲ್ಲ ಅವರು ದಿನಾ ಎದ್ದು ನಿಲ್ಲುತ್ತಿದ್ದರು. ಮುಗಿದ ಮೇಲೆ ನಾನು ತಿರುಗುವಷ್ಟರಲ್ಲಿ ಕುಳಿತಿರುತ್ತಿದ್ದರು. ಅಂದು ಮೊದಲ ಸಲ ಗೋಡೆಯ ಕಡೆ ತಿರುಗಿ ಹಾಡಿದೆ. ಭಾನುವಾರ ಅಮ್ಮನ ಕೈಲಿ ದೋಸೆ ಹುಯ್ಯಿಸಿ, ಬಾಟಲಿಯಲ್ಲಿ ಉಳಿದಿದ್ದ ಸಿರಪ್ಪನ್ನೆಲ್ಲ ಸುರಿದು, ಬೋಗುಣಿಯನ್ನು ಗೋಡೆಯ ಮೇಲಿಟ್ಟೆ.

ಆಗಸ್ಟಿನ ಕೊನೆಗೆ ಶಾಲೆ ತೆರೆಯಿತು. ಗೆಳತಿಯರಾದರು. ಎರಡು ಗಂಟೆಗೆ ನಾನು ಕ್ಲಾಸಿನಲ್ಲಿರುತ್ತಿದ್ದೆ, ಸಂಜೆ ಆಟದ ಬಯಲಿನಲ್ಲಿ. ಹಾಡು ಮರೆತೆ, ಗೋಡೆಯನ್ನೂ ಮರೆತೆ. ವಾಪಸ್ ಹೋಗುವ ಮಾತನ್ನು ಅಪ್ಪನಿಗೆ ಮತ್ತೆ ನೆನಪಿಸಲೂ ಇಲ್ಲ. ಬ್ರೀಡಜ್ಜಿ ಮುಂದಿನ ಚಳಿಗಾಲದಲ್ಲಿ ತೀರಿಕೊಂಡ ಮೇಲೆ ಅಮ್ಮ ಒಂದು ದಿನ ಪಾತ್ರೆ ತೊಳೆಯುತ್ತಾ ಹೇಳಿದಳು: "ಪಾಪ, ನೀನು ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ಮೇಲೂ ಎಷ್ಟೋ ದಿನ ಎರಡು ಗಂಟೆಗೆ ಬಂದು ಕೂತ್ಕೋತಿದ್ರು ಕಣೇ. ನಾನು ರಜಾ ಇದ್ದಾಗ ನೋಡಿದೀನಿ." ನೀಲಿ ಅಂಚಿನ ಬೋಗುಣಿ ನಮ್ಮಲ್ಲೇ ಉಳಿದುಹೋಯಿತು. ನನಗಾದ ನಾಚಿಕೆ ಇಂದಿಗೂ ಹೋಗಿಲ್ಲ.

ಈಗ ನಾನು ಟೊರಾಂಟೊದಲ್ಲಿ ಕೆಲಸಕ್ಕಿದ್ದೇನೆ. ನನ್ನ ಮಾತಿನ ಧಾಟಿ ಕೇಳಿ ಇಲ್ಲಿನವರು ಐರಿಶ್ಶಾ ಎಂದು ಕೇಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಮನೆಯ ಎದುರಿಗೇ ಒಂದು ಶಾಲೆ. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿಂದ ಹಾಡು ಕೇಳಿಸಿದರೆ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಲ್ಲುತ್ತೇನೆ. ನೂರಾರು ಮಕ್ಕಳು ಒಟ್ಟಿಗೆ, ರಾಗ ತಪ್ಪದೆ ಹಾಡುತ್ತಾರೆ. ಹತ್ತು ವರ್ಷದವಳಿದ್ದಾಗ ನಾನು ಹಂಬಲಿಸಿದ್ದು ಇದನ್ನೇ. ನನ್ನ ಕೈಗಡಿಯಾರ ಈಗ ನೇಸ್‌ನ ಹೊತ್ತು ತೋರಿಸುತ್ತದೆ. ಎರಡು ಗಂಟೆ. ಅಲ್ಲಿ ಗೋಡೆಯಾಚೆ ಎದ್ದು ನಿಲ್ಲುವವರು ಯಾರೂ ಇಲ್ಲ.